ಅರೇಬಿಕ್ ಬಾರದವರು ಕುರ್‌ಆನ್ ಕೇಳಿದರೆ ಲಾಭ ಇದೆಯೇ? ಕೇಳುವ ಕ್ರಮ ಹೇಗೆ?

"ಕುರ್‌ಆನ್ ಬರೀ ಕೇಳಿದ್ರ ಏನರ ಲಾಭ ಅದ ಏನ್ರಿ? ಅರ್ಥ ಅಂತೂ ಆಗಲ್ಲ."

ಕಲಬುರಗಿಯ ಮನೆಗಳಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಕಣ್ಣು ಮಂಜಾಗಿ ಮುಸ್‌ಹಫ್ (ಕುರ್‌ಆನ್ ಗ್ರಂಥ) ಓದಲಾಗದ ದಾದಿ (ಅಜ್ಜಿ) ಕೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ದಖನಿ ಮಾತಾಡಿ, ಅರೇಬಿಕ್ ಅಕ್ಷರ ಮಾತ್ರ ಕೂಡಿಸಿ ಓದಲು ಬರದ ಹುಡುಗರು ಕೇಳುತ್ತಾರೆ. ಬೆಳಿಗ್ಗೆಯಿಂದ ರಾತ್ರಿವರೆಗೆ ದಾಲ್ ಮಿಲ್‌ನಲ್ಲೋ ಅಂಗಡಿಯಲ್ಲೋ ದುಡಿದು ಬರುವವರೂ ಕೇಳುತ್ತಾರೆ. ಬೀದರಿನ ಮಹಮೂದ್ ಗವಾನ್ ಮದರಸಾ 1472ರ ಹೊತ್ತಿನ ಕಟ್ಟಡ. ಅದರ ಗೋಡೆಯ ಬಣ್ಣದ ಹೆಂಚುಗಳ ಮೇಲೆ ಕುರ್‌ಆನಿನ ಸಾಲುಗಳಿವೆ. ಅವನ್ನು ಕತ್ತೆತ್ತಿ ನೋಡಿದವರು ನಮ್ಮಲ್ಲಿ ಸಾವಿರಾರು ಜನ. ಓದಿ ತಿಳಿದವರು ತೀರಾ ಕಡಿಮೆ. ಕೇಳುವ ವಿಷಯದಲ್ಲೂ ನಮ್ಮ ಪರಿಸ್ಥಿತಿ ಹಾಗೇ ಇದೆ.

ನೇರವಾಗಿ ಉತ್ತರ ಹೇಳುತ್ತೇನೆ. ಲಾಭ ಇದೆ, ಬಹಳ ಇದೆ. ಆದರೆ ಮೊಬೈಲ್ ಹಚ್ಚಿ ಅಡುಗೆ ಮನೆ ಕಟ್ಟೆಯ ಮೇಲಿಟ್ಟು, ಅದು ಒಂದು ಕಡೆ ಓದುತ್ತಿರಲಿ, ನಾವು ಇನ್ನೊಂದು ಕಡೆ ಮಾತಾಡುತ್ತಿರೋಣ ಅಂದರೆ ಅದು ಕೇಳುವುದು ಅಲ್ಲ. ಸ್ವಲ್ಪ ಭಾಗ ತೆಗೆದುಕೊಳ್ಳಬೇಕು. ಸುಮ್ಮನೆ ಕೂತು ಕೇಳಬೇಕು. ಅದರ ಅರ್ಥ ತಿಳಿಯಬೇಕು. ಮತ್ತೆ ಅದನ್ನೇ ಕೇಳಬೇಕು. ಇಷ್ಟನ್ನು ಮಾಡುವುದು ಹೇಗೆ ಅನ್ನುವುದೇ ಈ ಲೇಖನ.

ಮೊದಲು, ಲಾಭ ಅಂದರೆ ಯಾವ ಲಾಭ?

ಧರ್ಮದ ಮಾತು ಮೊದಲು ನೋಡೋಣ. ಕುರ್‌ಆನಿನ 7ನೇ ಸೂರಾ (ಅಧ್ಯಾಯ) ಅಅರಾಫ್‌ನ 204ನೇ ಆಯತ್‌ನಲ್ಲಿ (ವಚನದಲ್ಲಿ) ಅಲ್ಲಾಹನ ಆಜ್ಞೆ ಸ್ಪಷ್ಟವಾಗಿದೆ. ಕುರ್‌ಆನ್ ಓದಲಾಗುತ್ತಿರುವಾಗ ಗಮನ ಕೊಟ್ಟು ಕೇಳಿ, ಮೌನವಾಗಿರಿ, ನಿಮ್ಮ ಮೇಲೆ ಕರುಣೆ ಆಗಬಹುದು ಎಂಬುದು ಅದರ ಸಾರ. ಗಮನ, ಮೌನ, ಕರುಣೆ ಈ ಮೂರನ್ನೂ ಒಂದೇ ಆಯತ್ ಜೋಡಿಸಿದೆ. ಮೊದಲಿನ ಎರಡು ನಮ್ಮ ಕೈಲಿರುವ ಕೆಲಸ.

ಪ್ರವಾದಿ ಮುಹಮ್ಮದರು (ಸ) ಸ್ವತಃ ಬೇರೆಯವರ ಬಾಯಿಂದ ಕುರ್‌ಆನ್ ಕೇಳಲು ಇಷ್ಟಪಡುತ್ತಿದ್ದರು. ಬುಖಾರಿ ಮತ್ತು ಮುಸ್ಲಿಂ ಎರಡೂ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಸಂಗ್ರಹಗಳಲ್ಲಿ ಈ ಘಟನೆ ಇದೆ. ಪ್ರವಾದಿಯವರು ತಮ್ಮ ಸಂಗಾತಿ ಅಬ್ದುಲ್ಲಾ ಇಬ್ನ್ ಮಸ್‌ಊದರನ್ನು ಕರೆದು ಓದಲು ಹೇಳಿದರು. "ನಿಮ್ಮ ಮೇಲೇ ಇಳಿದ ಕುರ್‌ಆನನ್ನು ನಾನು ನಿಮಗೆ ಓದಿ ಹೇಳಲೇ?" ಎಂದು ಅವರು ಅಚ್ಚರಿಪಟ್ಟರು. ಬೇರೆಯವರಿಂದ ಕೇಳುವುದು ನನಗೆ ಇಷ್ಟ ಎಂದರು ಪ್ರವಾದಿಯವರು. ಇಬ್ನ್ ಮಸ್‌ಊದ್ ಸೂರಾ ನಿಸಾ ಓದುತ್ತಾ 41ನೇ ಆಯತ್‌ಗೆ ಬಂದಾಗ ಪ್ರವಾದಿಯವರು ಸಾಕು ಎಂದರು. ಇವರು ತಿರುಗಿ ನೋಡಿದಾಗ ಪ್ರವಾದಿಯವರ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಪ್ರತಿಯೊಂದು ಸಮುದಾಯದಿಂದ ಒಬ್ಬ ಸಾಕ್ಷಿಯನ್ನು ತರುವ ದಿನದ ಮಾತು ಆ ಆಯತ್‌ನಲ್ಲಿದೆ. ಇಡೀ ಕುರ್‌ಆನ್ ಎದೆಯಲ್ಲಿದ್ದವರೇ ಕೂತು ಕೇಳುತ್ತಿದ್ದರು. ಹಾಗಿರುವಾಗ ಕೇಳುವುದು ಓದಲು ಬಾರದವರ ಪಾಲಿನ ಕೀಳು ಕೆಲಸ ಎಂದು ಯಾರೂ ತಿಳಿಯಬೇಕಾಗಿಲ್ಲ. ದಾದಿಯರಿಗೆ, ನಾನಿಯರಿಗೆ ಈ ಮಾತನ್ನು ದಯವಿಟ್ಟು ಹೇಳಿ. ಎಷ್ಟೋ ಜನ ಹಿರಿಯ ಹೆಂಗಸರು "ನನಗೆ ಓದಕ್ಕ ಬರಲ್ಲ" ಅನ್ನುವ ಸಂಕಟವನ್ನು ಜೀವನವಿಡೀ ಹೊತ್ತಿರುತ್ತಾರೆ.

ಸವಾಬ್ (ಪುಣ್ಯ) ಬಗ್ಗೆಯೂ ಸರಿಯಾಗಿ ತಿಳಿದಿರಲಿ. ಒಂದು ಅಕ್ಷರಕ್ಕೆ ಹತ್ತು ಪುಣ್ಯ ಎಂಬ ಹದೀಸ್ ತಿರ್ಮಿಜಿ ಸಂಗ್ರಹದಲ್ಲಿದೆ. ಅದು ಓದುವವರ ಬಗ್ಗೆ ಬಂದದ್ದು. ಕೇಳುವವರಿಗೂ ಹೆಚ್ಚಿಸಿದ ಪುಣ್ಯ ಎಂದು ಮುಸ್ನದ್ ಅಹ್ಮದ್‌ನಲ್ಲಿ ಒಂದು ವರದಿ ಇದೆ, ಆದರೆ ಅದರ ಸನದ್ (ಹೇಳಿದವರ ಸರಪಳಿ) ದುರ್ಬಲ ಎಂದು ಹದೀಸ್ ಪಂಡಿತರು ಹೇಳುತ್ತಾರೆ. ಹಾಗಂತ ಕೇಳುವವರ ಕೈ ಖಾಲಿ ಅಲ್ಲ. ಕರುಣೆಯ ಆಸೆ ಕೊಟ್ಟಿರುವುದು ಕುರ್‌ಆನೇ ಅಲ್ವಾ? ವಾಟ್ಸ್‌ಆ್ಯಪ್‌ನಲ್ಲಿ ಬರುವ "ಇದನ್ನು ಕೇಳಿದರೆ ಇಷ್ಟು ಲಕ್ಷ ಪುಣ್ಯ" ಅನ್ನುವ ಲೆಕ್ಕಗಳನ್ನು ನಂಬಬೇಡಿ, ಮುಂದಕ್ಕೂ ಕಳಿಸಬೇಡಿ.

ಎರಡನೆಯದು ಕಲಿಕೆಯ ಲಾಭ. ನನಗೆ ಬಹಳ ಪ್ರೀತಿಯ ವಿಷಯ ಇದು. ಮುಸ್ಲಿಂ ಹದೀಸ್ ಸಂಗ್ರಹದಲ್ಲಿ ಉಮ್ಮು ಹಿಶಾಮ್ ಎಂಬ ಮಹಿಳೆಯ ಮಾತಿದೆ. ಪ್ರವಾದಿಯವರು ಜುಮ್ಮಾದ (ಶುಕ್ರವಾರದ) ಖುತ್ಬಾದಲ್ಲಿ (ಪ್ರವಚನದಲ್ಲಿ) ಸೂರಾ ಕಾಫ್ ಓದುತ್ತಿದ್ದರು. ಆಕೆ ಅದನ್ನು ಕೇಳಿ ಕೇಳಿಯೇ ಕಂಠಪಾಠ ಮಾಡಿಕೊಂಡರು. ಆ ಸೂರಾದಲ್ಲಿ 45 ಆಯತ್‌ಗಳಿವೆ. ಇನ್ನೊಂದು ಬುಖಾರಿಯಲ್ಲಿದೆ. ಅಮ್ರ್ ಇಬ್ನ್ ಸಲಮಾ ಎಂಬ ಹುಡುಗನ ಊರು ಜನ ಓಡಾಡುವ ದಾರಿಯಲ್ಲಿ, ನೀರಿನ ನೆಲೆಯ ಹತ್ತಿರ ಇತ್ತು. ದಾರಿಹೋಕರು ಹೇಳಿದ ಆಯತ್‌ಗಳನ್ನು ಆತ ಕೇಳಿ ನೆನಪಿಟ್ಟುಕೊಂಡ. ಊರಿನವರು ಇಸ್ಲಾಂ ಸ್ವೀಕರಿಸಿದಾಗ ಎಲ್ಲರಿಗಿಂತ ಜಾಸ್ತಿ ಕುರ್‌ಆನ್ ಗೊತ್ತಿದ್ದವನು ಅವನೇ. ಆರೇಳು ವರ್ಷದ ಹುಡುಗನನ್ನೇ ಇಮಾಮ್ ಮಾಡಿದರು. ಪುಸ್ತಕ ಇಲ್ಲ, ಶಾಲೆ ಇಲ್ಲ. ಕಿವಿ ಒಂದೇ.

ಮೂರನೆಯದು ಮನಸ್ಸಿನ ನೆಮ್ಮದಿ. ಅಲ್ಲಾಹನ ಸ್ಮರಣೆಯಿಂದ ಹೃದಯಗಳಿಗೆ ನೆಮ್ಮದಿ ಸಿಗುತ್ತದೆ ಎಂದು ಸೂರಾ ರಅದ್‌ನ 28ನೇ ಆಯತ್ ಹೇಳುತ್ತದೆ. ಆಸ್ಪತ್ರೆಗಳಲ್ಲಿ ಆಪರೇಷನ್‌ಗೆ ಮುಂಚೆ ರೋಗಿಗಳಿಗೆ ತಿಲಾವತ್ (ಕುರ್‌ಆನ್ ಪಠಣ) ಕೇಳಿಸಿ, ಅವರ ಆತಂಕ ಕಡಿಮೆ ಆಗುತ್ತದೆಯೇ ಎಂದು ಇರಾನ್, ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಪರೀಕ್ಷೆ ಮಾಡಿದ್ದಾರೆ. ಆತಂಕ ಕಡಿಮೆಯಾಯಿತು ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಚಿಕ್ಕ ಅಧ್ಯಯನಗಳು. ರೋಗಿಗಳು ಬಹುತೇಕ ಮುಸ್ಲಿಮರು. ಧ್ವನಿಯಿಂದ ಎಷ್ಟು, ನಂಬಿಕೆಯಿಂದ ಎಷ್ಟು, ಸುಮ್ಮನೆ ಮಲಗಿದ್ದರಿಂದ ಎಷ್ಟು ಎಂದು ಅವು ಬೇರೆ ಮಾಡಿ ತೋರಿಸಿಲ್ಲ. ನಂಬಿಕೆಯುಳ್ಳವರಿಗೆ ವಿಜ್ಞಾನದ ಸರ್ಟಿಫಿಕೇಟ್ ಬೇಕಾಗಿಲ್ಲ. ಇಲ್ಲದ ಸರ್ಟಿಫಿಕೇಟನ್ನು ಕುರ್‌ಆನಿಗೆ ಅಂಟಿಸುವುದೂ ಮರ್ಯಾದೆ ಅಲ್ಲ.

ಹೆಜ್ಜೆ 1: ಹೊತ್ತು ಮತ್ತು ಜಾಗ ಗೊತ್ತು ಮಾಡಿ

ದಿನಕ್ಕೆ ಹತ್ತು ನಿಮಿಷ ಸಾಕು. ಫಜ್ರ್ (ನಸುಕಿನ) ನಮಾಜ್ ಆದ ಮೇಲಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ನಮ್ಮ ಕಡೆ ಬೇಸಿಗೆಯಲ್ಲಿ ಎಂಟು ಗಂಟೆಗೇ ಬಿಸಿಲು ಏರುತ್ತದೆ, ಮನೆ ಕೆಲಸ, ಶಾಲೆ, ನೀರು ಎಲ್ಲ ಒಟ್ಟಿಗೆ ಶುರುವಾಗುತ್ತದೆ. ಅದಕ್ಕೆ ಮುಂಚೆ ಆಗಿಬಿಟ್ಟರೆ ಆಯಿತು. ಬೆಳಿಗ್ಗೆ ಆಗದವರು ಇಶಾ (ರಾತ್ರಿಯ ನಮಾಜ್) ಆದ ಮೇಲೆ ಕೂರಬಹುದು.

ವುಜೂ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಇದ್ದರೆ ಚೆಂದ, ಆದರೆ ಕೇಳುವುದಕ್ಕೆ ವುಜೂ ಕಡ್ಡಾಯ ಅಲ್ಲ. ಮುಟ್ಟಿನ ದಿನಗಳಲ್ಲಿ ಹೆಂಗಸರು ಕೇಳಬಹುದೇ ಎಂದು ಎಷ್ಟೋ ಜನ ನಾಚಿಕೆಯಿಂದ ವಿಚಾರಿಸುವುದೇ ಇಲ್ಲ, ಆ ದಿನಗಳಲ್ಲಿ ಸುಮ್ನೆ ಬಿಟ್ಟುಬಿಡುತ್ತಾರೆ. ಕೇಳಬಹುದು, ಯಾವ ಅಡ್ಡಿಯೂ ಇಲ್ಲ. ಪ್ರವಾದಿಯವರ ಪತ್ನಿ ಹಜ್ರತ್ ಆಯಿಶಾ ಅವರೇ ಹೇಳಿದ್ದು ಬುಖಾರಿಯಲ್ಲಿದೆ. ಅವರು ಮುಟ್ಟಾಗಿದ್ದಾಗಲೂ ಪ್ರವಾದಿಯವರು ಅವರ ಮಡಿಲಲ್ಲಿ ತಲೆಯಿಟ್ಟು ಕುರ್‌ಆನ್ ಓದುತ್ತಿದ್ದರು.

ಕೂತು, ಒರಗಿ, ಮಲಗಿ ಹೇಗೂ ಕೇಳಬಹುದು. ಬಚ್ಚಲಲ್ಲಿ, ಶೌಚಾಲಯದಲ್ಲಿ ಬೇಡ.

ಹೆಜ್ಜೆ 2: ಓದುವವರನ್ನು ಆರಿಸಿಕೊಳ್ಳಿ

ಓದುವ ಶೈಲಿ ಎರಡು. ಮುರತ್ತಲ್ ಅಂದರೆ ನಿಧಾನವಾಗಿ, ಸರಳವಾಗಿ, ಒಂದೇ ಸಮನೆ ಓದುವುದು. ಮುಜವ್ವದ್ ಅಂದರೆ ರಾಗ ಎಳೆದು, ಒಂದೇ ಆಯತನ್ನು ಬೇರೆ ಬೇರೆ ಏರಿಳಿತದಲ್ಲಿ ಮತ್ತೆ ಓದುವುದು. ಜಲ್ಸಾಗಳಲ್ಲಿ (ಧಾರ್ಮಿಕ ಸಭೆಗಳಲ್ಲಿ) ಜನ "ಅಲ್ಲಾಹ್, ಅಲ್ಲಾಹ್" ಅನ್ನುವುದು ಇಂಥದ್ದನ್ನು ಕೇಳಿಯೇ. ಹೊಸದಾಗಿ ಶುರು ಮಾಡುವವರು ಮುರತ್ತಲ್ ಹಿಡಿಯಿರಿ. ಪದಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ.

ಈಜಿಪ್ಟಿನ ಮಹಮೂದ್ ಖಲೀಲ್ ಅಲ್ ಹುಸರಿ (1917–1980) ಓದಿದ್ದನ್ನು ನಾನು ಎಲ್ಲರಿಗೂ ಮೊದಲು ಹೇಳುತ್ತೇನೆ. ಇಡೀ ಕುರ್‌ಆನನ್ನು ಮುರತ್ತಲ್ ಶೈಲಿಯಲ್ಲಿ ಮೊದಲು ಧ್ವನಿಮುದ್ರಣ ಮಾಡಿದವರು ಅವರೇ, 1961ರ ಹೊತ್ತಿಗೆ. ಪ್ರತಿ ಅಕ್ಷರವೂ ತನ್ನ ಜಾಗದಿಂದಲೇ ಹೊರಡುತ್ತದೆ. ಎಲ್ಲೂ ಅವಸರ ಇಲ್ಲ. ಅದೇ ದೇಶದ ಮುಹಮ್ಮದ್ ಸಿದ್ದೀಕ್ ಅಲ್ ಮಿನ್‌ಶಾವಿ (1920–1969) ಅವರ ಧ್ವನಿಯಲ್ಲಿ ಒಂದು ನೋವಿದೆ, ದುಃಖದಲ್ಲಿರುವವರಿಗೆ ಅದು ಹತ್ತಿರ ಅನಿಸುತ್ತದೆ. ಅವರು ಓದಿದ್ದನ್ನು ಮಕ್ಕಳು ಹಿಂದಿನಿಂದ ಹೇಳುವ ಹಾಗಿರುವ ಧ್ವನಿಮುದ್ರಣ ಕೂಡ ಸಿಗುತ್ತದೆ, ಮನೆಯ ಮಕ್ಕಳಿಗೆ ಬಹಳ ಒಳ್ಳೆಯದು. ಅಬ್ದುಲ್ ಬಾಸಿತ್ (1927–1988) ಅವರ ಉಸಿರು ಕೇಳಿ ಬೆರಗಾಗದವರು ಇಲ್ಲ. ಆದರೆ ಅವರ ಮುಜವ್ವದ್‌ನಿಂದ ಶುರು ಮಾಡಬೇಡಿ. ಧ್ವನಿಗೇ ಮನಸ್ಸು ಸಿಕ್ಕಿಕೊಂಡು ಮಾತು ಹಿಂದೆ ಉಳಿಯುತ್ತದೆ. ಕುವೈತಿನ ಮಿಶಾರಿ ರಾಶಿದ್ ಅಲ್ ಅಫಾಸಿ ಮತ್ತು ಮಕ್ಕಾದ ಇಮಾಮ್ ಅಬ್ದುರ್ರಹ್ಮಾನ್ ಅಸ್ಸುದೈಸ್ ಅವರ ಧ್ವನಿ ನಮ್ಮ ಹುಡುಗರಿಗೆ ಆಗಲೇ ಪರಿಚಯ.

ಒಬ್ಬರನ್ನು ಹಿಡಿದ ಮೇಲೆ ಕೆಲವು ತಿಂಗಳು ಅವರನ್ನೇ ಕೇಳಿ. ದಿನಕ್ಕೊಬ್ಬರನ್ನು ಬದಲಿಸಿದರೆ ಕಿವಿ ಹೊಸ ಧ್ವನಿಯನ್ನೇ ಹುಡುಕುತ್ತಾ ಇರುತ್ತದೆ. ಯೂಟ್ಯೂಬ್‌ನಲ್ಲಿ ಕೇಳುವಾಗ ಆಯತ್ ನಡುವೆ ಸಾಬೂನಿನ ಜಾಹೀರಾತು ಬರುತ್ತದೆ. ಬಹಳ ನೋವಾಗುವ ವಿಷಯ ಇದು. ಅದಕ್ಕೆ ಬೇಕಾದ ಸೂರಾಗಳನ್ನು ಡೌನ್‌ಲೋಡ್ ಮಾಡಿ ಮೊಬೈಲ್‌ನಲ್ಲೇ ಇಟ್ಟುಕೊಳ್ಳಿ. ನೆಟ್ ಇಲ್ಲದ ಹಳ್ಳಿಯಲ್ಲೂ ನಡೆಯುತ್ತದೆ. ಅಮ್ಮಿಗೆ ಸ್ಮಾರ್ಟ್‌ಫೋನ್ ಬಾರದಿದ್ದರೆ, ಮೆಮೊರಿ ಕಾರ್ಡ್ ಹಾಕುವ ಚಿಕ್ಕ ಸ್ಪೀಕರ್‌ನಲ್ಲಿ ತುಂಬಿಸಿ ಕೊಡಿ. ಒಂದೇ ಗುಂಡಿ ಒತ್ತಿದರೆ ಸಾಕಾಗುವ ಹಾಗಿರಲಿ.

ಹೆಜ್ಜೆ 3: ಚಿಕ್ಕದನ್ನು ತೆಗೆದುಕೊಳ್ಳಿ

ಕುರ್‌ಆನಿನಲ್ಲಿ 114 ಸೂರಾಗಳು, 30 ಪಾರಾಗಳು (ಭಾಗಗಳು). ಸಾಧಾರಣ ವೇಗದಲ್ಲಿ ಒಂದು ಪಾರಾಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ದಿನಕ್ಕೊಂದು ಪಾರಾ ಕೇಳಿ ತಿಂಗಳಿಗೆ ಖತಂ ಮಾಡುತ್ತೇನೆ ಎಂದು ಹೊರಟವರು ಬಹಳಷ್ಟು ಜನ ನಾಲ್ಕನೇ ದಿನ ಬಿಟ್ಟುಬಿಡುತ್ತಾರೆ. ಕುರ್‌ಆನ್ ಇಳಿದದ್ದೇ ಸುಮಾರು 23 ವರ್ಷಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ. ನಮಗೂ ಅವಸರ ಬೇಡ.

ಮೊದಲ ವಾರ ಸೂರಾ ಫಾತಿಹಾ, ಏಳು ಆಯತ್. ನಮಾಜ್‌ನಲ್ಲಿ ಪ್ರತಿ ದಿನ ಓದುವುದೇ ಆದರೂ ಅರ್ಥ ಕೇಳಿದರೆ ಅರ್ಧ ಜನ ತಡವರಿಸುತ್ತಾರೆ. ಆಮೇಲೆ ಅಸ್ರ್ (3 ಆಯತ್), ಇಖ್ಲಾಸ್ (4 ಆಯತ್), ದುಹಾ (11 ಆಯತ್), ಅದರ ಮುಂದಿನದೇ ಆದ ಶರ್‌ಹ್ (8 ಆಯತ್). ಕಿವಿ ಪಳಗಿದ ಮೇಲೆ ಸೂರಾ ರಹ್ಮಾನ್. ಅದರ 78 ಆಯತ್‌ಗಳಲ್ಲಿ ಒಂದೇ ಪ್ರಶ್ನೆ 31 ಸಲ ಬರುತ್ತದೆ. ನಿಮ್ಮ ಪ್ರಭುವಿನ ಯಾವ ಯಾವ ಅನುಗ್ರಹಗಳನ್ನು ನೀವು ಸುಳ್ಳೆನ್ನುವಿರಿ ಎಂಬ ಪ್ರಶ್ನೆ ಅದು. ಅರೇಬಿಕ್ ಬಾರದವರಿಗೂ ಅದು ಮತ್ತೆ ಬಂತು ಎಂದು ತಕ್ಷಣ ಗೊತ್ತಾಗುತ್ತದೆ. ಕಥೆ ಇಷ್ಟಪಡುವವರಿಗೆ ಸೂರಾ ಯೂಸುಫ್, 111 ಆಯತ್, ಒಬ್ಬರದೇ ಜೀವನದ ಕಥೆ ಮೊದಲಿನಿಂದ ಕೊನೆವರೆಗೆ.

ಹೆಜ್ಜೆ 4: ಒಂದೇ ಭಾಗವನ್ನು ಮೂರು ಸಲ ಕೇಳಿ

ಇಡೀ ಲೇಖನದಲ್ಲಿ ಮುಖ್ಯವಾದದ್ದು ಇದೇ. ಸೂರಾ ದುಹಾ ಹಿಡಿದು ಮಾಡಿ ನೋಡೋಣ. ಹುಸರಿ ಓದಿದರೆ ಒಂದೆರಡು ನಿಮಿಷ, ಅಷ್ಟೇ.

ಮೊದಲ ಸಲ ಬರೀ ಧ್ವನಿಗೆ ಗಮನ ಕೊಡಿ. ಅರ್ಥದ ಚಿಂತೆ ಬೇಡ. ಪ್ರತಿ ಆಯತ್‌ನ ಕೊನೆಯ ಅಕ್ಷರ ಹೇಗೆ ಮುಗಿಯುತ್ತದೆ ಎಂದು ನೋಡಿ. ವದ್ದುಹಾ, ಸಜಾ, ಕಲಾ, ಊಲಾ, ತರ್ದಾ, ಆವಾ, ಹದಾ, ಅಗ್‌ನಾ. ಎಂಟೂ ಆಯತ್‌ಗಳು ಬಾಯಿ ತೆರೆದ "ಆ" ಸ್ವರದಲ್ಲೇ ನಿಲ್ಲುತ್ತವೆ. ಒಂಬತ್ತನೆಯದಕ್ಕೆ ಬಂದಾಗ ದನಿ ಬದಲಾಗುತ್ತದೆ. ತಖ್‌ಹರ್, ತನ್‌ಹರ್. ಗಟ್ಟಿಯಾಗಿ ನಿಲ್ಲುವ "ರ್". ಏನೋ ತಿರುಗಿತು ಎಂದು ಕಿವಿಗೆ ಗೊತ್ತಾಗುತ್ತದೆ.

ಈಗ ನಿಲ್ಲಿಸಿ, ಕನ್ನಡದಲ್ಲಿ ಅರ್ಥ ಓದಿಕೊಳ್ಳಿ. ಕನ್ನಡ ಅನುವಾದಗಳು ಒಂದಕ್ಕಿಂತ ಹೆಚ್ಚು ಇವೆ, ಮಂಗಳೂರಿನ ಪ್ರಕಾಶಕರು ಇದರಲ್ಲಿ ಬಹಳ ಕೆಲಸ ಮಾಡಿದ್ದಾರೆ. ಇಂಟರ್‌ನೆಟ್‌ನಲ್ಲೂ ಉಚಿತವಾಗಿ ಸಿಗುತ್ತವೆ. ಉರ್ದು ಓದಬಲ್ಲವರು ಉರ್ದು ತರ್ಜುಮಾ ನೋಡಬಹುದು. ದುಹಾದ ಸಾರ ಹೀಗಿದೆ. ಏರು ಬೆಳಗಿನ ಆಣೆ, ಕವಿದು ಶಾಂತವಾದ ರಾತ್ರಿಯ ಆಣೆ. ನಿಮ್ಮ ಪ್ರಭು ನಿಮ್ಮನ್ನು ಕೈಬಿಟ್ಟಿಲ್ಲ, ಮುನಿಸಿಕೊಂಡಿಲ್ಲ. ಮುಂದಿನದು ಹಿಂದಿನದಕ್ಕಿಂತ ಒಳ್ಳೆಯದು. ನೀವು ತೃಪ್ತರಾಗುವಷ್ಟು ಆತ ಕೊಡುತ್ತಾನೆ. ನೀವು ಅನಾಥರಾಗಿದ್ದಿರಿ, ಆಸರೆ ಕೊಡಲಿಲ್ಲವೇ? ದಾರಿ ಕಾಣದೆ ಇದ್ದಿರಿ, ದಾರಿ ತೋರಿಸಲಿಲ್ಲವೇ? ಬಡವರಾಗಿದ್ದಿರಿ, ಸಾಕಾಗುವಷ್ಟು ಕೊಡಲಿಲ್ಲವೇ? ಆದ್ದರಿಂದ ಅನಾಥರನ್ನು ಹಿಂಸಿಸಬೇಡಿ. ಬೇಡಿ ಬಂದವರನ್ನು ಗದರಬೇಡಿ. ನಿಮ್ಮ ಪ್ರಭುವಿನ ಅನುಗ್ರಹವನ್ನು ಹೇಳುತ್ತಾ ಇರಿ.

ವಹೀ (ದೇವವಾಣಿ ಇಳಿಯುವುದು) ಕೆಲವು ದಿನ ನಿಂತುಹೋಗಿತ್ತು. ಪ್ರವಾದಿಯವರಿಗೆ ಬಹಳ ದುಃಖ ಆಗಿತ್ತು. ದೇವರು ಇವರನ್ನು ಬಿಟ್ಟಿದ್ದಾನೆ ಎಂದು ಮಕ್ಕಾದ ವಿರೋಧಿಗಳು ಆಡಿಕೊಂಡರು. ಆಗ ಇಳಿದ ಸೂರಾ ಇದು. ಹುಟ್ಟುವ ಮೊದಲೇ ತಂದೆಯನ್ನು, ಆರನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡವರಿಗೆ "ನೀವು ಅನಾಥರಾಗಿದ್ದಿರಿ" ಎಂದು ನೆನಪು ಮಾಡಿಕೊಡುವ ಮಾತು.

ಎರಡನೇ ಸಲ ಅನುವಾದ ಮುಂದಿಟ್ಟುಕೊಂಡು, ಒಂದೊಂದೇ ಆಯತ್ ನಿಲ್ಲಿಸಿ ಕೇಳಿ. ದಖನಿ, ಉರ್ದು ಬಲ್ಲವರಿಗೆ ಇಲ್ಲಿ ಒಂದು ಸಂತೋಷ ಕಾದಿದೆ. ರಬ್, ಆಖಿರತ್, ಯತೀಮ್, ನಿಅಮತ್ ಇವೆಲ್ಲ ಮನೆಮಾತಿನ ಪದಗಳೇ. ಯತೀಮ್ (ಅನಾಥ) ಎರಡು ಸಲ ಬರುತ್ತದೆ. ಆರನೇ ಆಯತ್‌ನಲ್ಲಿ ಪ್ರವಾದಿಯವರೇ ಯತೀಮ್. ಒಂಬತ್ತನೆಯದರಲ್ಲಿ ನಿಮ್ಮ ಓಣಿಯ ಯತೀಮ್. ದನಿ ಬದಲಾಗಿದ್ದು ಎಲ್ಲಿ ಎಂದು ಈಗ ನೋಡಿ. ಸಾಂತ್ವನ ಮುಗಿದು ಆಜ್ಞೆ ಶುರುವಾಗುವ ಜಾಗದಲ್ಲೇ. ಅರ್ಥ ತಿಳಿಯುವ ಮುಂಚೆಯೇ ನಿಮ್ಮ ಕಿವಿ ಅದನ್ನು ಹಿಡಿದಿತ್ತು.

ಮೂರನೇ ಸಲ ಪುಸ್ತಕ ಮುಚ್ಚಿ, ಕಣ್ಣು ಮುಚ್ಚಿ, ಪೂರ್ತಿ ಕೇಳಿ. ಈ ಮೂರನೇ ಸಲಕ್ಕಾಗಿಯೇ ಮೊದಲಿನ ಎರಡು. ಮೈ ನವಿರೇಳುವುದು, ಆಮೇಲೆ ಮೈಮನಸ್ಸು ಮೆತ್ತಗಾಗುವುದು ಎಂದು ಸೂರಾ ಜುಮರ್‌ನ 23ನೇ ಆಯತ್ ವಿವರಿಸುವ ಅನುಭವ ಸಾಮಾನ್ಯವಾಗಿ ಇಲ್ಲಿ ಆಗುತ್ತದೆ. ಆಗದಿದ್ದರೆ ಬೇಸರ ಬೇಡ, ಅಳು ಬರಿಸಿಕೊಳ್ಳುವುದೂ ಬೇಡ. ನಾಳೆ ಮತ್ತೆ ದುಹಾನೇ ಕೇಳಿ.

ಹೆಜ್ಜೆ 5: ಜೊತೆಯಲ್ಲಿ ಬಾಯಿ ಆಡಿಸಿ

ನಾಲ್ಕೈದು ದಿನ ಒಂದೇ ಸೂರಾ ಕೇಳಿದ ಮೇಲೆ ತುಟಿ ತಾನಾಗಿ ಅಲುಗುತ್ತದೆ. ಬಿಡಿ, ಅಲುಗಲಿ. ಒಂದು ಆಯತ್ ಕೇಳಿ, ನಿಲ್ಲಿಸಿ, ಅದೇ ಉಸಿರಿನಲ್ಲಿ ಹೇಳಿ. ಎಲ್ಲಿ ಎಳೆದರೋ ಅಲ್ಲಿ ಎಳೆಯಿರಿ. ನಮ್ಮ ನಾಲಗೆಗೆ ಕಷ್ಟವಾಗುವುದು ಐನ್, ಹಾ, ಖಾಫ್, ದಾದ್ ಅಕ್ಷರಗಳು. ಮೊಬೈಲ್ ತಪ್ಪು ತಿದ್ದುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆಯಾದರೂ ಮಸೀದಿಯ ಹಾಫಿಜ್ (ಇಡೀ ಕುರ್‌ಆನ್ ಕಂಠಪಾಠ ಇರುವ) ಸಾಹೇಬರ ಮುಂದೆ, ಇಲ್ಲವೇ ಓಣಿಯಲ್ಲಿ ಮಕ್ಕಳಿಗೆ ಕಲಿಸುವ ಆಪಾ ಮುಂದೆ ಕೂತು ಹೇಳಿ ತೋರಿಸಿ. ನಲವತ್ತು ದಾಟಿದವರಿಗೆ ಇದರಲ್ಲಿ ನಾಚಿಕೆ ಜಾಸ್ತಿ. ಹುಜೂರ್, ತಪ್ಪಿದ್ರೆ ಹೇಳಿ ಎಂದರೆ ಯಾವ ಹಾಫಿಜರೂ ನಗುವುದಿಲ್ಲ. ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪಟ್ಟು ಸವಾಬ್ ಎಂಬ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ.

ದೇಹಕ್ಕೆ ಆಗುವ ಲಾಭದ ಮಾತು ಬಂದರೆ ಅದು ಈ ಹೆಜ್ಜೆಗೇ ಹೆಚ್ಚು ಸೇರುತ್ತದೆ. 2001ರಲ್ಲಿ ಇಟಲಿಯ ಸಂಶೋಧಕರ ಒಂದು ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ ಮತ್ತು ಒಂದು ಮಂತ್ರವನ್ನು ಲಯದಲ್ಲಿ ಹೇಳಿದವರ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಬಡಿತಕ್ಕೂ ಅದು ಒಳ್ಳೆಯದಾಗಿ ಕಂಡಿತು. ಅದು ಕುರ್‌ಆನ್ ಮೇಲಿನ ಅಧ್ಯಯನ ಅಲ್ಲ. ಆದರೆ ತಜ್ವೀದ್ (ಉಚ್ಚಾರಣೆಯ ನಿಯಮ) ಪ್ರಕಾರ ಓದಿದರೆ ಉಸಿರು ನಿಧಾನವಾಗಲೇಬೇಕು, ಎಳೆಯುವ ಕಡೆ ಎಳೆಯಬೇಕು, ನಿಲ್ಲುವ ಕಡೆ ನಿಲ್ಲಬೇಕು. ಒಂದು ವಾರ ಮಾಡಿ ನೋಡಿದರೆ ನಿಮಗೇ ತಿಳಿಯುತ್ತದೆ.

ಸಜ್ದಾ ಆಯತ್ ಬಂದರೆ

ಕೇಳುತ್ತಾ ಹೋದಂತೆ ಸಜ್ದಾ ಆಯತ್‌ಗಳು, ಅಂದರೆ ಹಣೆ ನೆಲಕ್ಕಿಟ್ಟು ನಮಿಸುವ ಜಾಗಗಳು, ಬರುತ್ತವೆ. ಹನಫಿ ಪಂಥದ ಲೆಕ್ಕದಲ್ಲಿ ಒಟ್ಟು 14. ಎದುರಿಗೆ ಒಬ್ಬರು ಓದುವುದನ್ನು ಕೇಳಿದರೆ ಹನಫಿಗಳಲ್ಲಿ ಸಜ್ದಾ ವಾಜಿಬ್ (ಮಾಡಲೇಬೇಕಾದದ್ದು). ಧ್ವನಿಮುದ್ರಣದಿಂದ ಕೇಳಿದರೆ ವಾಜಿಬ್ ಆಗುವುದಿಲ್ಲ ಎಂದು ಬಹಳ ಹನಫಿ ಉಲಮಾಗಳು (ಪಂಡಿತರು) ಹೇಳುತ್ತಾರೆ. ಮಾಡಿದರೆ ಒಳ್ಳೆಯದೇ. ಸಂಶಯ ಇದ್ದರೆ ನಿಮ್ಮ ಮಸೀದಿಯ ಮೌಲಾನಾ ಅವರನ್ನು ಕೇಳಿ.

ಜೋರಾಗಿ ಹಚ್ಚುವವರಿಗೆ ಒಂದು ಮಾತು

ಅಂಗಡಿ ತೆರೆದ ತಕ್ಷಣ ಬರಕತ್‌ಗೆ (ಏಳಿಗೆಗೆ) ಎಂದು ಸ್ಪೀಕರ್‌ನಲ್ಲಿ ಸೂರಾ ಹಚ್ಚುವ ರೂಢಿ ನಮ್ಮ ಬಜಾರಿನಲ್ಲಿದೆ. ಭಾವನೆ ಒಳ್ಳೆಯದು. ಆದರೆ ಗಿರಾಕಿ ಚೌಕಾಸಿ ಮಾಡುತ್ತಿರುತ್ತಾನೆ, ಹುಡುಗರು ಕೂಗಾಡುತ್ತಿರುತ್ತಾರೆ, ಬೈಗುಳವೂ ಬರುತ್ತದೆ. ಕೇಳುವವರು ಯಾರೂ ಇಲ್ಲ. ಜನ ತಮ್ಮ ಕೆಲಸದಲ್ಲಿರುವ ಕಡೆ ಒಬ್ಬ ಜೋರಾಗಿ ಓದಿ, ಅವರಿಗೆ ಕೇಳಲಾಗದೆ ಹೋದರೆ ಅದರ ತಪ್ಪು ಓದಿದವನ ಮೇಲೇ ಬರುತ್ತದೆ ಎಂದು ಹನಫಿ ಫಿಖ್‌ಹ್ (ಧರ್ಮಶಾಸ್ತ್ರ) ಹೇಳುತ್ತದೆ. ಮಸೀದಿಯ ಒಳಗೇ ಜನ ಜೋರಾಗಿ ಓದುತ್ತಿದ್ದಾಗ ಪ್ರವಾದಿಯವರು ಪರದೆ ಸರಿಸಿ, ಪ್ರತಿಯೊಬ್ಬರೂ ತಮ್ಮ ಪ್ರಭುವಿನ ಜೊತೆ ಮಾತಾಡುತ್ತಿದ್ದೀರಿ, ಒಬ್ಬರಿಗೊಬ್ಬರು ತೊಂದರೆ ಕೊಡಬೇಡಿ ಎಂದದ್ದು ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿದೆ. ಅಂಗಡಿ ತೆರೆಯುವ ಮುಂಚೆ ಐದು ನಿಮಿಷ ಶಟರ್ ಅರ್ಧ ಎಳೆದುಕೊಂಡು ಕೂತು ಕೇಳಿ, ಬಂದ್ ಮಾಡಿ, ಆಮೇಲೆ ವ್ಯಾಪಾರ ಶುರು ಮಾಡಿ. ಇದೇ ನನ್ನ ಸಲಹೆ.

ಸೂರಾ ಬಕರಾ ಓದುವ ಮನೆಯಿಂದ ಶೈತಾನ ಓಡುತ್ತಾನೆ ಎಂಬ ಹದೀಸ್ ಸಹೀ, ಅಂದರೆ ನಂಬಬಹುದಾದದ್ದು. ಆದರೆ ಅದು ಮನೆಯಲ್ಲಿ ಓದುವುದರ ಬಗ್ಗೆ. ಖಾಲಿ ಮನೆಯಲ್ಲಿ ಮೊಬೈಲ್ ಹಚ್ಚಿಟ್ಟು ಮದುವೆಗೆ ಹೋಗುವುದರಿಂದ ಅದೇ ಫಲ ಎಂದು ಖಚಿತವಾಗಿ ಹೇಳುವಂತಿಲ್ಲ. 286 ಆಯತ್‌ಗಳನ್ನು ಮನೆಯವರೆಲ್ಲ ಹಂಚಿಕೊಂಡು ಓದಿ, ಉಳಿದವರು ಕೇಳಲಿ.

ಕಾಯಿಲೆಯವರ ಪಕ್ಕದಲ್ಲಿ

ಕಾಯಿಲೆ ಬಿದ್ದವರಿಗೆ ತಿಲಾವತ್ ಕೇಳಿಸುವುದು ಒಳ್ಳೆಯ ಸೇವೆ. ಕುರ್‌ಆನ್ ತನ್ನನ್ನು ಶಿಫಾ (ಗುಣಪಡಿಸುವುದು) ಮತ್ತು ರಹಮತ್ (ಕರುಣೆ) ಎಂದು ಕರೆದುಕೊಂಡಿದೆ (17ನೇ ಸೂರಾ, 82ನೇ ಆಯತ್). ಆದರೆ ಔಷಧಿ ನಿಲ್ಲಿಸಬೇಡಿ. ಚಿಕಿತ್ಸೆ ಪಡೆಯಿರಿ ಎಂದು ಹೇಳಿದವರೂ ಅದೇ ಪ್ರವಾದಿ. ಸಕ್ಕರೆ ಕಾಯಿಲೆ, ಬಿ.ಪಿ., ಫಿಟ್ಸ್, ಮನಸ್ಸಿನ ಕಾಯಿಲೆ ಯಾವುದೇ ಇರಲಿ, ಮಾತ್ರೆ ಬಿಡಿಸಿ ಬರೀ ಆಡಿಯೋ ಕೇಳಿ ಅನ್ನುವವರ ಹತ್ತಿರ ಹೋಗಬೇಡಿ. ಹಣ ಕೇಳಿದರಂತೂ ಬೇಡವೇ ಬೇಡ.

ವಾರ್ಡ್‌ನಲ್ಲಿ ಇಯರ್‌ಫೋನ್ ಬಳಸಿ, ದನಿ ಕಡಿಮೆ ಇರಲಿ. ಪಕ್ಕದ ಮಂಚದವರೂ ನೋವಿನಲ್ಲಿರುತ್ತಾರೆ. ಸಾಧ್ಯವಾದರೆ ಮೊಬೈಲ್ ಬಿಟ್ಟು ನೀವೇ ಮೆಲ್ಲಗೆ ಫಾತಿಹಾ ಓದಿ. ಮಗನ ತೊದಲು ತಿಲಾವತ್ ತಾಯಿಗೆ ಯಾವ ದೊಡ್ಡ ಖಾರಿಯ (ಕುರ್‌ಆನ್ ಓದುವವರ) ಧ್ವನಿಗಿಂತಲೂ ಹತ್ತಿರ. ರೋಗಿ ಸಾಕು ಎಂದರೆ ನಿಲ್ಲಿಸಿ.

ರಮಜಾನ್ ಬಂದಾಗ

ಕೇಳುವುದಕ್ಕೆ ವರ್ಷದಲ್ಲಿ ಸಿಗುವ ದೊಡ್ಡ ಅವಕಾಶ ತರಾವೀಹ್, ಅಂದರೆ ರಮಜಾನ್ ರಾತ್ರಿಯ ನಮಾಜ್. ಹಾಫಿಜರು ನಿಂತು ಇಡೀ ಕುರ್‌ಆನ್ ಓದುತ್ತಾರೆ, ನಾವು ಹಿಂದೆ ನಿಂತು ಕೇಳುತ್ತೇವೆ. ಕಾಲು ನೋಯುತ್ತದೆ, ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಇದಕ್ಕೆ ಒಂದು ಉಪಾಯ ಇದೆ. ಅಂದು ಯಾವ ಪಾರಾ ಓದುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಇಫ್ತಾರ್‌ಗೆ ಮುಂಚೆ ಅದರ ಅರ್ಥವನ್ನು ಕನ್ನಡದಲ್ಲಿ ಎರಡು ಪುಟವಾದರೂ ಓದಿ. ರಾತ್ರಿ ಮೂಸಾ, ಫಿರ್‌ಔನ್, ಇಬ್ರಾಹೀಮ್, ಮರ್ಯಮ್ ಎಂಬ ಹೆಸರು ಕಿವಿಗೆ ಬಿದ್ದಾಗ, ಓ ಇದು ಆ ಜಾಗ ಎಂದು ಗುರುತು ಸಿಗುತ್ತದೆ. ಆ ಗುರುತು ಹಿಡಿದುಕೊಂಡು ಒಂದು ಪುಟ ಗಮನದಿಂದ ನಿಲ್ಲಬಹುದು. ಬಹಳ ವೇಗವಾಗಿ ಓದಿ ಬೇಗ ಮುಗಿಸುವ ಮಸೀದಿಗಿಂತ, ನಿಧಾನ ಓದುವ ಮಸೀದಿ ಸ್ವಲ್ಪ ದೂರವಿದ್ದರೂ ಅಲ್ಲಿಗೇ ಹೋಗಿ.

ನೆರೆಮನೆಯವರು ಕೇಳಬೇಕೆಂದರೆ

ನಮ್ಮದು ಶರಣಬಸವೇಶ್ವರರ ಜಾತ್ರೆಗೂ ಖಾಜಾ ಬಂದೇ ನವಾಜರ ಉರುಸಿಗೂ ಒಂದೇ ಓಣಿಯಿಂದ ಜನ ಹೋಗುವ ಊರು. "ಅಕ್ಕಾ, ನಿಮ್ಮ ಕುರ್‌ಆನ್ದಾಗ ಏನದ, ನಾವೂ ಕೇಳಬಹುದೇನ್ರಿ?" ಎಂದು ಪಕ್ಕದ ಮನೆಯ ಹೆಣ್ಣುಮಗಳು ಕೇಳಿದರೆ ಖಂಡಿತ ಕೇಳಿಸಿ. ಅಲ್ಲಾಹನ ಮಾತು ಕೇಳುವ ಸಲುವಾಗಿ ಆಸರೆ ಬಯಸಿ ಬಂದವನಿಗೆ ಆಸರೆ ಕೊಡಿ, ಕೇಳಿದ ಮೇಲೆ ಸುರಕ್ಷಿತ ಜಾಗಕ್ಕೆ ತಲುಪಿಸಿ ಎಂದು ಯುದ್ಧದ ಸಂದರ್ಭದಲ್ಲೂ ಸೂರಾ ತೌಬಾದ 6ನೇ ಆಯತ್ ಹೇಳಿದೆ. ಕೇಳಿದವರೆಲ್ಲ ಧರ್ಮ ಬದಲಿಸಬೇಕೆಂಬ ಷರತ್ತು ಅಲ್ಲಿಲ್ಲ. ನಾವೂ ಹಾಕುವುದು ಬೇಡ.

ಅವರಿಗೆ ಎರಡು ವಿಷಯ ತಿಳಿಸಿ. ದಿನಕ್ಕೆ ಐದು ಸಲ ಕೇಳುವ ಅಜಾನ್ ಕುರ್‌ಆನ್ ಅಲ್ಲ, ಅದು ನಮಾಜಿನ ಕರೆ. ದರ್ಗಾದಲ್ಲಿ ಕೇಳುವ ಕವ್ವಾಲಿಯೂ ಕುರ್‌ಆನ್ ಅಲ್ಲ, ಅದು ಭಕ್ತಿಗೀತೆ. ಆಮೇಲೆ ಸೂರಾ ಮರ್ಯಮ್‌ನ ಮೊದಲ ಭಾಗ ಕೇಳಿಸಿ. ಮುದಿ ವಯಸ್ಸಿನಲ್ಲಿ ಮಗು ಬೇಡುವ ಜಕರಿಯಾ, ಖರ್ಜೂರದ ಮರದ ಕೆಳಗೆ ಒಬ್ಬಳೇ ಹೆರಿಗೆ ನೋವು ತಿನ್ನುವ ಮರ್ಯಮ್. ಮಕ್ಕಾದಲ್ಲಿ ಹಿಂಸೆ ತಾಳದೆ ಅಬಿಸೀನಿಯಾಕ್ಕೆ ಹೋದ ಮುಸ್ಲಿಮರನ್ನು ಅಲ್ಲಿನ ಕ್ರೈಸ್ತ ರಾಜ ನಜ್ಜಾಶಿ ವಿಚಾರಿಸಿದಾಗ, ಅವರಲ್ಲಿ ಒಬ್ಬರಾದ ಜಅಫರ್ ಓದಿದ್ದು ಇದೇ ಸೂರಾ. ರಾಜನ ಗಡ್ಡ ಕಣ್ಣೀರಿನಿಂದ ಒದ್ದೆಯಾಯಿತು ಎಂದು ಸೀರತ್ (ಪ್ರವಾದಿಯವರ ಜೀವನಚರಿತ್ರೆ) ಗ್ರಂಥಗಳು ಹೇಳುತ್ತವೆ. ಮೊದಲು ಕನ್ನಡದಲ್ಲಿ ಕಥೆ ಹೇಳಿ, ಆಮೇಲೆ ತಿಲಾವತ್ ಹಚ್ಚಿ. ಹತ್ತು ನಿಮಿಷಕ್ಕೆ ನಿಲ್ಲಿಸಿ. ಅವರು ಏನಾದರೂ ಕೇಳಿದರೆ ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದನ್ನು ಮೌಲಾನಾ ಅವರಿಗೆ ಕೇಳಿ ಮರುದಿನ ತಿಳಿಸಿ.